ನನಗೆ ಬಾರದ ಜ್ವರ

ಕುಲಗೋಡ
೧೮ ಫೆಬ್ರವರಿ ೨೦೨೫

ಮಗಳೇ ದಾಕ್ಷಾಯಿಣಿ,

ನಿನ್ನ ಅವ್ವನ ಆಶೀರ್ವಾದ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಆರಾಮ ಇದ್ದೇನೆ ಎಂದುಬಿಡುತ್ತೇನೆ. ಅದಕ್ಕೇ ಈ ಕಾಗದ.

ಹತ್ತರಗಿಯ ಸಾಲಿ ಮುಂದೆ ನಾನು ಚುರಮುರಿ ಮಾರುತ್ತಿದ್ದಾಗ ಮಕ್ಕಳಿಗೆ ಜ್ವರ ಬಂದದ್ದು ನಿನಗೆ ಗೊತ್ತು. ನೀರು ಕೆಟ್ಟಿದೆ ಎಂದರು. ಕಣಗಲಾಕ್ಕೆ ಹೋದೆ, ಎರಡು ತಿಂಗಳಲ್ಲಿ ಅಲ್ಲಿಯೂ ಅದೇ ಜ್ವರ. ನಾನು ಮಾತ್ರ ಒಂದು ದಿನವೂ ಸೀನಲಿಲ್ಲ. ಕುಲಗೋಡಕ್ಕೆ ಬಂದೆ. ಇಲ್ಲಿಯೂ ಬಿಡುವಿನ ಗಂಟೆಗೆ ಗಾಡಿ ಸುತ್ತ ನಿಲ್ಲುವ ಮಕ್ಕಳು ಒಬ್ಬೊಬ್ಬರಾಗಿ ಕಡಿಮೆಯಾದರು. ಮೊದಲು ಕಾಣದಾದವಳು ಮೂರನೇ ಇಯತ್ತೆಯ ಶ್ರದ್ಧಾ.

ತಿಂಗಳ ಹಿಂದೆ ಒಂದು ಮಧ್ಯಾಹ್ನ ಗಾಡಿ ಮುಂದೆ ಯಾರೋ ಕುಳ್ಳ ಮುದುಕಿ ನಿಂತಂತಾಯಿತು. ಕೂದಲುದುರಿ ನೆತ್ತಿ ಕಾಣುತ್ತಿತ್ತು, ಕೆನ್ನೆ ಒಳಗೆ ಹೋಗಿದ್ದವು. ನೋಡಿದರೆ ಶ್ರದ್ಧಾ. ಗೋಕಾಕದ ದವಾಖಾನೆಯಲ್ಲಿ ಇಪ್ಪತ್ತು ದಿನ ಇದ್ದು ಬಂದಿದ್ದಳಂತೆ. ನಕ್ಕು, "ಅಜ್ಜೀ, ಮೊದಲಿನಂಗ ಕೈಲೇ ಕಲಸಿ ಕೊಡ್ರಿ" ಎಂದಳು.

ಬೋಗುಣಿಯೊಳಗಿನ ನನ್ನ ಕೈ ಯಾರದೋ ಕೈಯಂತೆ ಕಂಡಿತು. ನಾನು ನಿಲ್ಲಿಸಿದ್ದೆ, ಬೆರಳು ಇನ್ನೂ ಕಲಸುತ್ತಿದ್ದವು. ಎಲ್ಲವನ್ನೂ ಗಟಾರಕ್ಕೆ ಸುರಿದೆ. ಹುಡುಗಿ ಅಳುತ್ತ ಹೋಯಿತು.

ಅಂದೇ ಆಶಾ ಕಾರ್ಯಕರ್ತೆ ಉದ್ದವ್ವನಿಗೆ ಊರೂರಿನ ಜ್ವರದ ಸುದ್ದಿ ಹೇಳಿದೆ. ದವಾಖಾನೆಗೆ ಕರೆದೊಯ್ದು ಮಲ ಪರೀಕ್ಷೆ ಮಾಡಿಸಿದಳು. ಟೈಫಾಯಿಡ್ ನನ್ನ ಹೊಟ್ಟೆಯಲ್ಲೇ ಇದೆಯಂತೆ. ನನಗೇನೂ ಮಾಡದೆ, ಬಾಡಿಗೆದಾರನಂತೆ ಸುಮ್ಮನೆ ವಾಸವಾಗಿದೆಯಂತೆ. "ಯವ್ವಾ, ಬೈಲಕಡಿ ಹೋಗಿ ಬಂದು ಸಾಬೂನು ಹಚ್ಚಿ ಕೈ ತೊಳಿತಿದ್ರೇನ್ರಿ?" ಎಂದು ಕೇಳಿದಳು. ಗಾಡಿ ಹತ್ತಿರ ನೀರೆಲ್ಲಿ? ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ.

ಗಾಡಿ ಒಡೆಸಿ ಹಾಕಿದ್ದೇನೆ. ಗುಳಿಗೆ ನಡೆದಿವೆ. ಡಾಕ್ಟರು ಹೇಳುವ ತನಕ ನಾನು ಇನ್ನೊಬ್ಬರಿಗೆ ಅಡುಗೆ ಮಾಡುವಂತಿಲ್ಲ. ಬೇಸಿಗೆ ಸೂಟಿಗೆ ನಿನ್ನ ಮಗಳು ನೇತ್ರಾಳನ್ನು ಕಳಿಸಬೇಡ. ಅಜ್ಜಿ ಯಾಕೆ ಬೇಡ ಅಂದಳು ಎಂದು ಕೇಳಿದರೆ ಖರೆ ಹೇಳು.

ನಿನ್ನನ್ನು ಈ ಕೈಯಿಂದಲೇ ಉಣಿಸಿದ ಅವ್ವ,
ಸಾತವ್ವ

ತಾ.ಕ.: ಒಂದು ಮಾತು ಉದ್ದವ್ವನಿಗೂ ಹೇಳಿಲ್ಲ. ಈ ಪರೀಕ್ಷೆ ಕಣಗಲಾದಲ್ಲೇ ಒಮ್ಮೆ ಆಗಿತ್ತು. ಅಲ್ಲಿನ ಡಾಕ್ಟರೂ ಇದನ್ನೇ ಹೇಳಿದ್ದರು. ಆಗ ನಂಬಲಿಲ್ಲ ಎಂದು ಬರೆಯಬಹುದಿತ್ತು. ನಂಬಿದ್ದೆ, ಮಗಳೇ. ಮರುದಿನವೇ ಬೋಗುಣಿ ಹಿಡಿದು, ಕುಲಗೋಡಕ್ಕೆಂದು ಗೋಕಾಕದ ಬಸ್ಸು ಹತ್ತಿದೆ.