ಸರ್ವರ್‌ಗೆ ಮಾವನವರ ಹೆಸರು

ಮಹಾರಾಯ,

ನಾನು ಓಶ್ ಬಜಾರಿಗೆ ಹೊರಟೆ. ಬೋರ್ಸೋಕ್ ಕರಿದಿಟ್ಟಿದ್ದೇನೆ, ತಿನ್ನು. ಲ್ಯಾಪ್‌ಟಾಪ್ ಮಾತ್ರ ಆರಿಸಬೇಡ. ಎರಡೂ ಚಾಟ್ ಸರ್ವರ್‌ಗಳು ಅದರೊಳಗೆ ತಮ್ಮ ತಮ್ಮ ಕಂಟೇನರ್ ಗೂಡುಗಳಲ್ಲಿ ಓಡುತ್ತಿವೆ, ಸಂದೇಶ ಅತ್ತಿತ್ತ ಹೋಗುತ್ತಿದೆ.

ಅಲ್ಲ, ಪರೀಕ್ಷೆಗೆ ಇಟ್ಟ ಸರ್ವರ್‌ಗೆ ನಿನ್ನ ಅಪ್ಪನ ಹೆಸರೇ ಬೇಕಿತ್ತಾ? ಕಿರ್ಗಿಜ್ ಸೊಸೆ ನಾನು. ಮಾವನ ಹೆಸರು ಬಾಯಲ್ಲೇ ಎತ್ತದವಳು ಅದನ್ನು ಟೈಪ್ ಮಾಡಿ ‘ಅಳಿಸು’ ಅಂತ ಹೇಗೆ ಕೊಡಲಿ? ಬೆಳಗ್ಗೆ ಅದು ಕೆಟ್ಟು ನಿಂತು, ಅಳಿಸಿ ಹೊಸದು ಹಾಕಬೇಕಾಗಿ ಬಂದಾಗ ಅರ್ಧ ಗಂಟೆ ಕೈಕಟ್ಟಿ ಕೂತಿದ್ದೆ.

ಕೊನೆಗೆ ಮಾವನವರೇ ವಿಷಯ ತಿಳಿದು, “ಸರಿ ಮಗಳೇ, ನನ್ನನ್ನ ನಾನೇ ಅಳಿಸ್ಕೋತೀನಿ” ಅಂತ ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು.

ಹೊಸ ಸರ್ವರ್‌ಗೆ ನಿನ್ನ ಹೆಸರಿಟ್ಟಿದ್ದಾರೆ. “ಇವನನ್ನ ಎಷ್ಟು ಸಲ ಬೇಕಾದ್ರೂ ಅಳಿಸಮ್ಮ” ಅಂದರು.

—ಮೀರಿಮ್