ಸೆಣಬು ಕಿತ್ತ ಗದ್ದೆ

ಕಲ್ಲುಕೆರೆ, ಭದ್ರಾವತಿ ತಾಲ್ಲೂಕು
೧೯-೪-೨೦೦೪

ಚಿರಂಜೀವಿ ಮಲ್ಲೇಶನಿಗೆ ಅಕ್ಕ ದಾಕ್ಷಾಯಣಮ್ಮನ ಆಶೀರ್ವಾದ.

ನಾನು ಕ್ಷೇಮ. ಜನ್ನಾಪುರದಲ್ಲಿ ಪ್ರಿಯದರ್ಶಿನಿಯೂ ಅವಳ ಮಗುವೂ ಕ್ಷೇಮ. ಗದ್ದೆ ಮಾತ್ರ ಕ್ಷೇಮವಿಲ್ಲ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಬರೀ ಬೈಗುಳವೇ ಬಂದು ಹರಿದು ಹಾಕಿದೆ. ಫೋನಿನಲ್ಲಿ ಮಾತಾಡೋಣವೆಂದರೆ, ನನ್ನ ದನಿ ಏರಿದ ಕೂಡಲೇ ನಿನಗೆ ಲೈನ್ ಸರಿಯಿರುವುದಿಲ್ಲ. ಕಾಗದಕ್ಕೆ ಆ ತೊಂದರೆಯಿಲ್ಲ. ಪೂರ್ತಿ ಓದು.

ಅಪ್ಪ ನಮ್ಮಿಬ್ಬರಿಗೂ ಬಿಟ್ಟುಹೋದ ಗದ್ದೆಯನ್ನು, ನಾನು ಮಗಳ ಬಾಣಂತನಕ್ಕೆ ಹೋದದ್ದೇ ಸಮಯವೆಂದು, ನನ್ನನ್ನೊಂದು ಮಾತು ಕೇಳದೆ ಶುಂಠಿಗೆ ಗುತ್ತಿಗೆ ಕೊಟ್ಟೆಯಲ್ಲ, ನಿನಗೆ ಯಾವ ದೆವ್ವ ಮೆಟ್ಟಿತ್ತೋ?

ಹೊರಡುವ ಮುಂಚೆ ಗದ್ದೆಗೆ ಸೆಣಬು ಚೆಲ್ಲಿದ್ದೆ. ಭತ್ತ ಕೊಯ್ದ ಮೇಲೆ ಉಳಿಯುವ ಹಸಿಯಲ್ಲೇ ಅದು ಏಳುತ್ತದೆ. ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಉಳಲು ಪಕ್ಕದ ಗದ್ದೆಯ ಉಜ್ಜನಪ್ಪನಿಗೆ ಹೇಳಿದ್ದೆ. ಅವನು ಟಿಲ್ಲರ್ ತರುವಷ್ಟರಲ್ಲಿ ನೀನು ಕಳಿಸಿದ ಜೆಸಿಬಿ ಅಲ್ಲಿ ನಿಂತಿತ್ತಂತೆ. ಹೂ ಬಿಟ್ಟ ಸೆಣಬನ್ನು ಬೇರುಸಮೇತ ಕಿತ್ತು, ಬದುವಿನ ಮೇಲೆ ಒಣಗಿಸಿ ಬೆಂಕಿ ಕೊಟ್ಟರಂತೆ. "ನಿಮ್ ತಮ್ಮ ಸ್ಕೂಟರಿಂದ ಇಳೀಲೇ ಇಲ್ಲ ಕಣಕ್ಕ. ಈ ಕಳೆ ಎಲ್ಲ ತೆಗೀರಿ ಅಂತ ರಸ್ತೆ ಮೇಲಿಂದ್ಲೇ ಕೈ ತೋರ್ಸಿ ಹೋದ್ರು" ಎಂದ ಉಜ್ಜನಪ್ಪ.

ಈಗ ಅಲ್ಲಿ ಶುಂಠಿಯ ಏರುಮಡಿಗಳು, ನಡುವೆ ಮೊಣಕಾಲಾಳದ ಕಾಲುವೆ. ಅಡಿಯ ಜೇಡಿ ಮೇಲೆ ಬಂದಿದೆ. ಮೇಲಿನ ಕರಿಮಣ್ಣು ಎಲ್ಲಿ ಹೋಯಿತೋ ಶಿವನೇ ಬಲ್ಲ. ಡ್ರಮ್ಮುಗಟ್ಟಲೆ ಔಷಧಿ ಹೊಯ್ದಿದ್ದಾರೆ. ಕೈಯಲ್ಲಿ ಕೆದಕಿ ನೋಡಿದೆ, ಒಂದು ಎರೆಹುಳು ಕಾಣಲಿಲ್ಲ. ಕೊಕ್ಕರೆ ಕೂಡ ಇಳಿಯುವುದಿಲ್ಲ ಮಾರಾಯ!

"ಒಂದೇ ವರ್ಷ ಅಕ್ಕ, ಗದ್ದೆ ಎಲ್ಲಿಗೂ ಓಡಿಹೋಗಲ್ಲ" ಎಂದು ಬರೆದಿದ್ದೀಯ. ಕೆರೆ ಕೆಳಗಿನ ಮೂರ್ತಪ್ಪನ ಗದ್ದೆಯೂ ಓಡಿಹೋಗಿಲ್ಲ. ಶುಂಠಿಗೆ ಕೊಟ್ಟು, ವಾಪಸು ತೆಗೆದುಕೊಂಡು ಭತ್ತ ನೆಟ್ಟ. ಪೈರು ಹಳದಿ ತಿರುಗಿ ಮೊಣಕಾಲಿಗೇ ನಿಂತಿತು. ಮೂಟೆಗಟ್ಟಲೆ ಯೂರಿಯಾ ಸುರಿದ. ಹುಲ್ಲು ಬಂತು, ಕಾಳು ಬರಲಿಲ್ಲ. ಈಗ ಗುದ್ದಲಿ ಹಾಕಿದರೆ ನೆಲ ಠಣ್ ಎನ್ನುತ್ತದೆ. ಶುಂಠಿಯವರಿಗೇನು, ಉಂಡೂ ಹೋದ ಕೊಂಡೂ ಹೋದ. ಮುಂದಿನ ವರ್ಷ ಇನ್ನೊಬ್ಬರ ಗದ್ದೆ.

ನಿನ್ನ ಭಾವ ತೀರಿಕೊಂಡು, ನಾನು ಮಗಳನ್ನು ಕಟ್ಟಿಕೊಂಡು ತವರಿಗೆ ಬಂದ ವರ್ಷ ನಮ್ಮ ಗದ್ದೆಯಲ್ಲೂ ಬರೀ ಜೊಳ್ಳು. ಕೆರೆಯ ಹೂಳೆತ್ತಿದ ಗೋಡುಮಣ್ಣು ಹೊಡೆಸಿದೆ. ಕುರಿಯವರನ್ನು ಕಾಡಿ ಬೇಡಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದೆ. ಕೂಳೆ ಸುಡಲು ಯಾರಿಗೂ ಬಿಡಲಿಲ್ಲ. ಕಾಳು ಗಟ್ಟಿಯಾಗಲು ಎಷ್ಟು ವರ್ಷ ಹಿಡಿಯಿತೆಂದು ನಿನಗೇನು ಗೊತ್ತು? ರವೀಂದ್ರನಗರದ ಮನೆಯಲ್ಲಿ ಕೂತು ಅದೇ ಅಕ್ಕಿ ಉಂಡೆಯಲ್ಲ, ತಾನಾಗಿ ಬೆಳೆಯಿತೆಂದುಕೊಂಡೆಯಾ?

"ನೀನಿನ್ನು ಮಗಳ ಮನೇಲಿ ಆರಾಮಾಗಿರು, ನಿನ್ ಪಾಲಿನ ದುಡ್ಡು ತಲುಪಿಸ್ತೀನಿ" ಅಂತೀಯ. ನಿನ್ನ ದುಡ್ಡು ನೀನೇ ಇಟ್ಟುಕೋ. ಶುಂಠಿ ಕಿತ್ತ ದಿನ ಗದ್ದೆ ನನ್ನ ಕೈಗೆ ಬರಬೇಕು. ಇನ್ನೊಂದು ವರ್ಷಕ್ಕೆ ಮುಂದುವರಿಸಿದರೆ ನಿನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಬಾಗಿಲಲ್ಲಿ ಬಂದು ಕೂರುತ್ತೇನೆ, ಗಿರಾಕಿಗಳೆಲ್ಲ ಕೇಳಲಿ. ತಮಾಷೆಯಲ್ಲ. ನನಗೂ ಅರವತ್ತಾಗುತ್ತ ಬಂತು. ಕೆಟ್ಟ ಮಣ್ಣನ್ನು ಮತ್ತೆ ಮೊದಲಿನಿಂದ ಹದಕ್ಕೆ ತರಲು ಇನ್ನೊಂದು ಆಯಸ್ಸು ಎಲ್ಲಿಂದ ತರಲಿ?

ಸಿಟ್ಟಿದೆ, ಶಾಪವಿಲ್ಲ. ನಿನ್ನ ಹೆಂಡತಿ ಮಕ್ಕಳನ್ನು ಶಿವ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ದಾಕ್ಷಾಯಣಮ್ಮ

ತಾ.ಕ.: ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ. ಶುಂಠಿ ಹಾಕಿರುವ ತ್ರಿವಿಕ್ರಮನ ಮೇಲೆ ಮೊನ್ನೆ ಹಾರಾಡಿದೆ. ಆ ಮನುಷ್ಯ ಕೈ ಮುಗಿದುಬಿಟ್ಟ. "ನಂಗೇನ್ ಗೊತ್ತಮ್ಮ? ಇಲ್ಲಿ ಬೇಸಾಯ ಯಾರು ಮಾಡ್ತಿದಾರೆ ಅಂತ ಮೊದ್ಲೇ ಕೇಳ್ದೆ. ಯಾರೂ ಇಲ್ಲ, ಎಷ್ಟೋ ವರ್ಷದಿಂದ ಬೀಳು ಬಿದ್ದಿದೆ ಅಂದ್ರು ನಿಮ್ ತಮ್ಮ" ಎಂದ. ಮಲ್ಲೇಶ, ನೀನು ಸೆಣಬನ್ನು ಕಳೆ ಅಂದುಕೊಂಡೆ. ಹೋಗಲಿ, ನಿನಗೆ ಗೊತ್ತಿರಲಿಲ್ಲ. ನಾನು ಇದ್ದದ್ದು ಗೊತ್ತಿತ್ತಲ್ಲ.