ಈರುಳ್ಳಿಯನ್ನು ಕೇಳಿದವರು

೧೨ ಜೂನ್, ಮಂಗಳವಾರ

ಚಿನ್ನೂ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕಾಗದ ತಡವಾಯಿತು. ನಿನ್ನ ತಂಗಿ ಆಗಲೇ ಫೋನಿನಲ್ಲಿ ವಿಷಯ ತಿಳಿಸಿದ್ದಾಳೆ. ನಾನು ಬೇಕೆಂದೇ ಫೋನಿಗೆ ಬರಲಿಲ್ಲ. ನನ್ನ ದನಿ ನಡುಗುವುದನ್ನು ನಿನಗೆ ಕೇಳಿಸುವ ಮನಸ್ಸಿರಲಿಲ್ಲ.

ಆ ಕಷಾಯವನ್ನು ಮತ್ತೆ ಮುಟ್ಟಬೇಡ. ಬಸುರಿಗೆ ಒಳ್ಳೆಯದೆಂದು ನಾನೇ ಒಣಗಿಸಿ ಕಳಿಸಿದ ಎಲೆ. ಆದರೂ ಡಬ್ಬಿ ಸಮೇತ ಎಸೆ.

ನಿನ್ನ ತಂಗಿ ಕೆಲಸ ಮಾಡುವ ಲ್ಯಾಬಿನಲ್ಲಿ ಈಗ ಔಷಧಿ ಗಿಡಗಳ ಕಷಾಯಗಳನ್ನು ಪರೀಕ್ಷಿಸುತ್ತಾರೆ. ಲೋಟದ ಬಾಯಿಗೆ ಈರುಳ್ಳಿ ಕೂರಿಸಿ ಬೇರನ್ನು ಕಷಾಯಕ್ಕೆ ಇಳಿಬಿಡುತ್ತಾರೆ. ಆಮೇಲೆ ಬೇರಿನ ತುದಿ ಕತ್ತರಿಸಿ, ಬಣ್ಣ ಹಚ್ಚಿ, ಒಳಗಿನ ಡಿಎನ್‌ಎಗೆ ಪೆಟ್ಟು ಬಿದ್ದಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇವಳು ನನಗೆ ಹೇಳದೆ ನನ್ನ ಎಲೆಯನ್ನೂ ಒಯ್ದಿದ್ದಳು. ಗೊತ್ತಾದಾಗ, "ಈರುಳ್ಳಿಗೇನೇ ಗೊತ್ತು ಬಸುರಿಯ ಸಂಕಟ?" ಎಂದು ರೇಗಿದೆ. "ನೀನೇ ಬಂದು ನೋಡಮ್ಮ," ಎಂದಳು. ಹೋದೆ.

ಬರೀ ನೀರಿನ ಈರುಳ್ಳಿಗೆ ಬಿಳಿ ಗಡ್ಡದ ಹಾಗೆ ಬೇರು. ತಿಳಿ ಕಷಾಯದ್ದೂ ಪರವಾಗಿಲ್ಲ. ನಾನು ಹೇಳಿಕೊಟ್ಟ ಹಾಗೆ ಕುದಿಸಿ ಅರ್ಧಕ್ಕಿಳಿಸಿದ್ದರಲ್ಲಿ ಮಾತ್ರ ಬೇರು ಮೊಂಡು, ಕಂದು. ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದೆ. ಜೀವಕೋಶದೊಳಗೆ ಎರಡು ಕಡೆಗೆ ಸರಿಯಬೇಕಾದ ಡಿಎನ್‌ಎ ಎಳೆಗಳು ತುಂಡಾಗಿ ನಡುವೆಯೇ ಉಳಿದಿದ್ದವು.

ಲ್ಯಾಬಿನ ಮುಖ್ಯಸ್ಥರನ್ನು ತಡೆದು ನಿಲ್ಲಿಸಿ ಕೇಳಿದೆ. "ಈರುಳ್ಳಿಗೆ ಆಗಿದ್ದು ಮನುಷ್ಯರಿಗೂ ಆಗುತ್ತೆ ಅಂತ ಹೇಳಕ್ಕಾಗಲ್ಲಮ್ಮ. ಆಗಲ್ಲ ಅಂತಾನೂ ಹೇಳಕ್ಕಾಗಲ್ಲ," ಎಂದರು. ಇದೂ ಒಂದು ಉತ್ತರವೇ!

ದಿನಾ ಕುಡಿದೆಯಾ? ಎಷ್ಟು ಗಟ್ಟಿ ಮಾಡುತ್ತಿದ್ದೆ? ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳು. ಅಮ್ಮ ಕೊಟ್ಟದ್ದೆಂದೇ ಹೇಳು, ನನ್ನ ಮಾನ ಕಾಯಲು ಹೋಗಬೇಡ. ಮಗು ಮಿಸುಕುತ್ತಿದೆಯೇ? ಕೂಡಲೇ ಬರೆ.

ನೀನೂ ನಿನ್ನ ಹೊಟ್ಟೆಯೂ ತಣ್ಣಗಿರಲಿ.

ನಿನ್ನ ಅಮ್ಮ

ಮತ್ತೊಂದು ಮಾತು: ಕವರು ಅಂಟಿಸುವಾಗ ನನ್ನ ಮುಖ ನೋಡಲಾರದೆ ಇವಳು ಬಾಯಿಬಿಟ್ಟಳು. ನೀನು ಮೊದಲ ದಿನದಿಂದಲೂ ಕಷಾಯವನ್ನು ಸಿಂಕಿಗೆ ಸುರಿದೆಯಂತೆ. ಅಮ್ಮನಿಗೆ ಹೇಳಬೇಡ ಎಂದೆಯಂತೆ. ಸದ್ಯ, ಬದುಕಿದೆ ಎಂದು ಕೂತಲ್ಲೇ ದೇವರಿಗೆ ಕೈ ಮುಗಿದೆ. ಆದರೆ ನಾನು ಕೇಳಿದಾಗಲೆಲ್ಲ, "ಕುಡಿದೆನಮ್ಮ, ತುಂಬಾ ಹಿತವಾಗಿದೆ" ಎಂದೆಯಲ್ಲೇ! ಅದನ್ನೇ ಇವಳಿಗೆ ಹೇಳಿದರೆ, "ನಿಂಗೆ ಬೇಡ ಅನ್ನೋ ಧೈರ್ಯ ಈ ಮನೇಲಿ ಯಾರಿಗಿದೆ? ಅದಕ್ಕೇ ನಾನು ಈರುಳ್ಳೀನ ಕೇಳಿದ್ದು," ಎನ್ನುತ್ತಾಳೆ.

ಮಗು ಮಿಸುಕುತ್ತಿದೆಯೇ ಎಂದು ಕೇಳಿದ್ದೇನೆ. ಅದಕ್ಕಾದರೂ ನಿಜವನ್ನೇ ಬರೆ.